ವಾಣಿಜ್ಯ ಶಿಕ್ಷಣದಲ್ಲಿ ಸರ್ಕಾರಿ ಲೆಕ್ಕಶಾಸ್ತ್ರ ಡಿಪ್ಲೊಮಾ: ಒಂದು ಚಾರಿತ್ರಿಕ ವಿವೇಚನೆ

ಭಾರತದಲ್ಲಿ ಉನ್ನತ ಶಿಕ್ಷಣದ ಚರಿತ್ರೆ ಬಹುಮಟ್ಟಿಗೆ ಪದವಿಗಳ ಚರಿತ್ರೆಯಾಗಿಯೇ ರಚಿತವಾಗಿದೆ. ಡಿಪ್ಲೊಮಾಗಳಿಗೆ ಅದರಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪ. ಪದವಿಯ ಜೊತೆಗೋ ನಂತರವೋ ಪಡೆಯುವ ಪೂರಕ ಅರ್ಹತೆ ಎಂದಷ್ಟೇ ಅವುಗಳನ್ನು ಪರಿಗಣಿಸುವುದು ರೂಢಿ. ಆದರೆ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಶಿಕ್ಷಣದ ಆರಂಭದ ದಶಕಗಳನ್ನು ಪರಿಶೀಲಿಸಿದರೆ ಈ ಅಭಿಪ್ರಾಯ ಪೂರ್ಣವಾಗಿ ನಿಲ್ಲುವುದಿಲ್ಲ. 1918ರಲ್ಲಿ ಮುಂಬಯಿ ಸರ್ಕಾರ ಆರಂಭಿಸಿದ ‘ಗವರ್ನಮೆಂಟ್ ಡಿಪ್ಲೊಮಾ ಇನ್ ಅಕೌಂಟೆನ್ಸಿ’, ಅಂದರೆ ಜಿ.ಡಿ.ಎ., ಪದವಿಯು ಕೊಡಲಾಗದಿದ್ದ ಒಂದು ಹಕ್ಕನ್ನು ಭಾರತೀಯರಿಗೆ ಒದಗಿಸಿತು. ಆ ಹಕ್ಕಿನ ಸ್ವರೂಪವನ್ನು ತಿಳಿಯಲು ಅಂದಿನ ಕಂಪನಿ ಕಾಯಿದೆಯಿಂದಲೇ ಹೊರಡಬೇಕು.

ಕಾಯಿದೆಯ ಹಿನ್ನೆಲೆ

ಬ್ರಿಟಿಷ್ ಭಾರತದಲ್ಲಿ ಕಂಪನಿಗಳ ನೋಂದಣಿಗೆ 1850ರಲ್ಲಿ ಕಾನೂನು ಬಂದಿತು. 1857ರ ಕಾಯಿದೆ ಪರಿಮಿತ ಹೊಣೆಗಾರಿಕೆಯ ತತ್ತ್ವವನ್ನು ತಂದಿತು. ಆದರೆ ಕಂಪನಿಯ ಲೆಕ್ಕಗಳನ್ನು ಪರಿಶೋಧಿಸುವವರಿಗೆ ಯಾವ ಅರ್ಹತೆ ಇರಬೇಕೆಂಬುದನ್ನು ಮೊದಲಬಾರಿಗೆ ನಿಗದಿಪಡಿಸಿದ್ದು 1913ರ ಭಾರತೀಯ ಕಂಪನಿಗಳ ಕಾಯಿದೆ. ಅದರ 144ನೆಯ ಪ್ರಕರಣದಂತೆ ಪ್ರಾಂತೀಯ ಸರ್ಕಾರದಿಂದ ಪ್ರಮಾಣಪತ್ರ ಪಡೆದವರು, ಇಲ್ಲವೆ ಸರ್ಕಾರ ಮಾನ್ಯಮಾಡಿದ ಸಂಸ್ಥೆಗಳ ಸದಸ್ಯರು ಮಾತ್ರ ಲೆಕ್ಕಪರಿಶೋಧಕರಾಗಬಹುದಿತ್ತು.

ಈ ಎರಡು ದಾರಿಗಳು ಸಮಾನವಾಗಿರಲಿಲ್ಲ. ಇಂಗ್ಲೆಂಡಿನ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ 1880ರಲ್ಲಿಯೇ ರಾಜಸನ್ನದು ದೊರೆತಿತ್ತು. ಅಂಥ ಸಂಸ್ಥೆಗಳ ಸದಸ್ಯರಿಗೆ ಇಲ್ಲಿ ಬೇರೆ ಪರೀಕ್ಷೆಯ ಅಗತ್ಯವಿರಲಿಲ್ಲ. ಭಾರತೀಯನೊಬ್ಬ ಆ ಸದಸ್ಯತ್ವ ಪಡೆಯಬೇಕಾದರೆ ಸಮುದ್ರ ದಾಟಿ ಹೋಗಿ, ಅಲ್ಲಿನ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ಉಮೇದುವಾರನಾಗಿ ಕೆಲಸ ಕಲಿಯಬೇಕಿತ್ತು. ಇಲ್ಲಿಯೇ ಉಳಿದವರಿಗೆ ಪ್ರಾಂತೀಯ ಪ್ರಮಾಣಪತ್ರವೊಂದೇ ಆಧಾರ. ಅದರಲ್ಲಿಯೂ ‘ನಿರ್ಬಂಧಿತ’ ಮತ್ತು ‘ಅನಿರ್ಬಂಧಿತ’ ಎಂಬ ಎರಡು ವರ್ಗಗಳಿದ್ದವು. ನಿರ್ಬಂಧಿತ ಪ್ರಮಾಣಪತ್ರವು ನಿರ್ದಿಷ್ಟ ಪ್ರಾಂತದೊಳಗೆ, ನಿರ್ದಿಷ್ಟ ಭಾಷೆಗಳ ಲೆಕ್ಕಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅನಿರ್ಬಂಧಿತ ಪ್ರಮಾಣಪತ್ರ ಪಡೆದವರು ಬ್ರಿಟಿಷ್ ಭಾರತದಲ್ಲೆಲ್ಲ ವೃತ್ತಿ ನಡೆಸಬಹುದಿತ್ತು.

ಸಿಡೆನ್ಹ್ಯಾಮ್ ಕಾಲೇಜು ಮತ್ತು ಡಿಪ್ಲೊಮಾ

ಈ ಕಾಯಿದೆ ರೂಪುಗೊಂಡ 1913ರಲ್ಲಿಯೇ ಮುಂಬಯಿಯಲ್ಲಿ ಸಿಡೆನ್ಹ್ಯಾಮ್ ವಾಣಿಜ್ಯ ಕಾಲೇಜು ಸ್ಥಾಪನೆಗೊಂಡಿತು. ಲೆಕ್ಕಶಾಸ್ತ್ರ ಶಿಕ್ಷಣದ ಹಿರಿಯರೆಂದು ಗೌರವಿಸಲ್ಪಡುವ ಕೆ. ಎಸ್. ಅಯ್ಯರ್ ಆರಂಭದಲ್ಲಿ ಅದರ ಗೌರವ ಪ್ರಾಂಶುಪಾಲರಾಗಿದ್ದರು. ಅನಂತರ ಪರ್ಸಿ ಆನ್‌ಸ್ಟಿ ಆ ಹೊಣೆ ವಹಿಸಿಕೊಂಡರು. 1918ರ ನವೆಂಬರಿನಲ್ಲಿ ಅಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದ ಡಾ. ಬಿ. ಆರ್. ಅಂಬೇಡ್ಕರ್ 1920ರವರೆಗೆ ಬೋಧಿಸಿದರು. ಅರ್ಥಶಾಸ್ತ್ರ, ವಾಣಿಜ್ಯ, ಲೆಕ್ಕಶಾಸ್ತ್ರಗಳು ಒಂದೇ ಸೂರಿನಡಿ ಬಂದದ್ದು ಶೈಕ್ಷಣಿಕವಾಗಿ ಮಹತ್ತ್ವದ ಬೆಳವಣಿಗೆ. ಆದರೂ ಬಿ.ಕಾಂ. ಪದವಿ ತಾನಾಗಿಯೇ ಯಾರಿಗೂ ಕಂಪನಿಯ ಲೆಕ್ಕಪತ್ರದ ಕೆಳಗೆ ಸಹಿ ಮಾಡುವ ಅಧಿಕಾರ ನೀಡುತ್ತಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಜಿ.ಡಿ.ಎ. ಲೆಕ್ಕಶಾಸ್ತ್ರ ಡಿಪ್ಲೊಮಾ ಮಂಡಲಿ ನಡೆಸುತ್ತಿದ್ದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಮಾನ್ಯತೆ ಪಡೆದ ಲೆಕ್ಕಪರಿಶೋಧಕರ ಬಳಿ ಮೂರು ವರ್ಷ ತರಬೇತಿ ಪೂರೈಸಿದವರು ಅನಿರ್ಬಂಧಿತ ಪ್ರಮಾಣಪತ್ರಕ್ಕೆ ಅರ್ಹರಾಗುತ್ತಿದ್ದರು. ಪುಸ್ತಕದ ವಿದ್ಯೆ ಮತ್ತು ಕಚೇರಿಯ ಅನುಭವ ಎರಡನ್ನೂ ಕಡ್ಡಾಯಗೊಳಿಸಿದ ಈ ವ್ಯವಸ್ಥೆ ಇಂಗ್ಲೆಂಡಿನ ಮಾದರಿಯನ್ನು ಇಲ್ಲಿನ ನೆಲದಲ್ಲಿಯೇ ದೊರಕುವಂತೆ ಮಾಡಿತು. ನಿರ್ಬಂಧಿತ ಪ್ರಮಾಣಪತ್ರಗಳ ವಿತರಣೆ 1920ರಲ್ಲಿ ನಿಂತಿತು. 1927ರಲ್ಲಿ ಜಿ.ಡಿ.ಎ. ಪಡೆದವರೂ ಇತರ ಲೆಕ್ಕಪರಿಶೋಧಕರೂ ಸೇರಿ ‘ಸೊಸೈಟಿ ಆಫ್ ಇಂಡಿಯನ್ ಅಕೌಂಟೆಂಟ್ಸ್ ಅಂಡ್ ಆಡಿಟರ್ಸ್’ ಎಂಬ ಸಂಘ ಸ್ಥಾಪಿಸಿದರು. ಡಿಪ್ಲೊಮಾ ಒಂದು ವೃತ್ತಿಸಮುದಾಯವನ್ನೇ ರೂಪಿಸಿತೆಂಬುದಕ್ಕೆ ಇದು ನಿದರ್ಶನ.

ಕನ್ನಡ ಪ್ರದೇಶಗಳ ಸಂದರ್ಭ

ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಅಲ್ಲಿನ ವಿದ್ಯಾರ್ಥಿಗಳಿಗೆ ಮುಂಬಯಿಯೇ ಉನ್ನತ ಶಿಕ್ಷಣದ ಕೇಂದ್ರವಾಗಿತ್ತು. ಮದರಾಸು ಪ್ರಾಂತದ ದಕ್ಷಿಣ ಕನ್ನಡದಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್, 1924ರ ಕರ್ಣಾಟಕ ಬ್ಯಾಂಕ್, 1931ರ ವಿಜಯಾ ಬ್ಯಾಂಕ್‌ಗಳು ಬ್ರಿಟಿಷ್ ಭಾರತದ ಕಂಪನಿ ಕಾಯಿದೆಯ ವ್ಯಾಪ್ತಿಯಲ್ಲಿದ್ದುದರಿಂದ ಅರ್ಹ ಲೆಕ್ಕಪರಿಶೋಧಕರ ಅಗತ್ಯ ಅಲ್ಲಿಯೂ ಇದ್ದೇ ಇತ್ತು. ಮೈಸೂರು ಸಂಸ್ಥಾನದಲ್ಲಾದರೋ ಕಂಪನಿಗಳಿಗೆ ಪ್ರತ್ಯೇಕ ಕಾನೂನಿತ್ತು. ಹೀಗಾಗಿ ಒಂದೇ ಭಾಷೆಯ ಜನರಿಗೆ ಒಂದೇ ವೃತ್ತಿಯ ಬಾಗಿಲು ಬೇರೆಬೇರೆ ನಿಯಮಗಳ ಮೂಲಕ ತೆರೆಯಬೇಕಾಗಿತ್ತು.

ಹಕ್ಕಿನ ಮಿತಿ

ಡಿಪ್ಲೊಮಾ ಪಡೆದ ಮಾತ್ರಕ್ಕೆ ಎಲ್ಲ ತಡೆಗಳೂ ನಿವಾರಣೆಯಾಗಲಿಲ್ಲ. ಮದರಾಸಿನ ಆರ್. ಶಿವಭೋಗಂ ಅವರ ಜೀವನ ಇದಕ್ಕೆ ಸಾಕ್ಷಿ. ಕ್ವೀನ್ ಮೇರಿ ಕಾಲೇಜಿನಲ್ಲಿ ಓದಿದ ಅವರು ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿ ವೆಲ್ಲೂರಿನ ಸೆರೆಮನೆ ಸೇರಿದ್ದರು. 1933ರಲ್ಲಿ ಜಿ.ಡಿ.ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿ ಎನಿಸಿದರು. ಆದರೆ ಸೆರೆವಾಸ ಅನುಭವಿಸಿದವರ ನೋಂದಣಿಗೆ ಅಡ್ಡಿಯಿತ್ತು. ಅದರ ವಿರುದ್ಧ ಹೋರಾಡಿ ಜಯಿಸಿದ ಮೇಲೆ, 1937ರಲ್ಲಷ್ಟೇ ಅವರು ವೃತ್ತಿ ಆರಂಭಿಸಲು ಸಾಧ್ಯವಾಯಿತು. ವಿದ್ಯೆ ಅರ್ಹತೆಯನ್ನು ಕೊಡಬಲ್ಲದು. ಆ ಅರ್ಹತೆಯನ್ನು ಮನ್ನಿಸುವ ಅಧಿಕಾರ ಮಾತ್ರ ಪ್ರಭುತ್ವದ ಕೈಯಲ್ಲಿತ್ತು.

ಪರಿಣಾಮ

1930ರಲ್ಲಿ ಅಕೌಂಟೆಂಟರ ನೋಂದಣಿ ಪುಸ್ತಕವನ್ನು ಭಾರತ ಸರ್ಕಾರವೇ ಇಡಬೇಕೆಂದು ತೀರ್ಮಾನವಾಗಿ, 1932ರ ನಿಯಮಗಳೊಂದಿಗೆ ‘ರಿಜಿಸ್ಟರ್ಡ್ ಅಕೌಂಟೆಂಟ್’ ಎಂಬ ವರ್ಗವೂ ಇಂಡಿಯನ್ ಅಕೌಂಟೆನ್ಸಿ ಬೋರ್ಡೂ ನೆಲೆಗೊಂಡವು. ನಿಯಂತ್ರಣ ಪ್ರಾಂತದಿಂದ ಕೇಂದ್ರಕ್ಕೆ ಸಾಗಿತಾದರೂ ಅದು ಇನ್ನೂ ಸರ್ಕಾರದ್ದೇ ಆಗಿತ್ತು. 1949ರ ಜುಲೈ 1ರಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಸ್ಥಾಪನೆಗೊಂಡಾಗ ವೃತ್ತಿಯ ಆಡಳಿತ ವೃತ್ತಿನಿರತರಿಗೇ ಬಂದಿತು, ಜಿ. ಪಿ. ಕಪಾಡಿಯಾ ಅದರ ಪ್ರಥಮ ಅಧ್ಯಕ್ಷರಾದರು. ರಿಜಿಸ್ಟರ್ಡ್ ಅಕೌಂಟೆಂಟರು ಹೊಸ ಸಂಸ್ಥೆಯ ಸದಸ್ಯರಾದರು. ದೇಶೀಯ ಸಂಸ್ಥಾನಗಳ ಪ್ರದೇಶಗಳಲ್ಲಿ ವೃತ್ತಿನಿರತರಾಗಿದ್ದವರಿಗೂ ಷರತ್ತುಗಳಿಗೊಳಪಟ್ಟು ಪ್ರವೇಶಾವಕಾಶ ಕಲ್ಪಿಸಲಾಯಿತು.

ಒಟ್ಟಿನಲ್ಲಿ, ಜಿ.ಡಿ.ಎ.ಯನ್ನು ಕೇವಲ ಪೂರಕ ಅರ್ಹತೆಯೆಂದು ಬದಿಗಿಡುವುದು ಚಾರಿತ್ರಿಕವಾಗಿ ಸರಿಯೆನಿಸದು. ವಿಶ್ವವಿದ್ಯಾಲಯದ ಪದವಿ ವಾಣಿಜ್ಯವನ್ನು ಅಧ್ಯಯನದ ವಿಷಯವನ್ನಾಗಿ ಮಾಡಿತು. ಈ ಡಿಪ್ಲೊಮಾ ಅದನ್ನು ಸ್ವತಂತ್ರ ವೃತ್ತಿಯನ್ನಾಗಿ ಮಾಡಿತು. ದೇಶದ ಬಂಡವಾಳದ ಲೆಕ್ಕವನ್ನು ದೇಶದವರೇ ಪರಿಶೋಧಿಸಿ ದೃಢೀಕರಿಸುವ ಕ್ರಮ ಬೇರೂರಿದ್ದರಲ್ಲಿ ಈ ಡಿಪ್ಲೊಮಾದ ಪಾಲು ದೊಡ್ಡದು. ವಾಣಿಜ್ಯ ಶಿಕ್ಷಣದ ಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನವನ್ನು ಈ ದೃಷ್ಟಿಯಿಂದಲೇ ನಿರ್ಧರಿಸಬೇಕಾಗುತ್ತದೆ.