ಕಂಬ ಬಂತು, ವೋಲ್ಟೇಜ್ ಬರಲಿಲ್ಲ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ ವಿದ್ಯುತ್ ಮಾರ್ಗದ ಉದ್ದ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ. ತಂತಿ ಹಾದದ್ದು ಹಳ್ಳಿಗಳ ಹೊಲಗದ್ದೆಯ ಮೇಲೆ. ಕರೆಂಟು ಸೇರಿದ್ದು ಗಣಿಗೆ, ಮೂರು ವರ್ಷದ ಬಳಿಕ ಬೆಂಗಳೂರಿನ ಬೀದಿಗೆ. ಹಳ್ಳಿಗಳ ಸರದಿ ವ್ಯಾಪಕವಾಗಿ ಬಂದದ್ದು ಸ್ವಾತಂತ್ರ್ಯಾನಂತರ: 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ, ಅರವತ್ತರ ದಶಕದಲ್ಲಿ ಶರಾವತಿ ಜಲವಿದ್ಯುತ್ ಯೋಜನೆ, 1969ರಲ್ಲಿ ಕೇಂದ್ರದ ಗ್ರಾಮೀಣ ವಿದ್ಯುದೀಕರಣ ನಿಗಮ. ಆಗಿನ ಲೆಕ್ಕವೆಲ್ಲ ಊರುಗಳದ್ದು. ಊರಿನ ಎಲ್ಲೋ ಒಂದು ಕಡೆ ವಿದ್ಯುತ್ ಬಳಕೆಯಾದರೂ ಸಾಕು, ಇಡೀ ಊರು ಪಟ್ಟಿಗೆ ಸೇರುತ್ತಿತ್ತು. ಕನಿಷ್ಠ ಶೇ 10ರಷ್ಟು ಮನೆಗಳಿಗಾದರೂ ಸಂಪರ್ಕ ಇರಬೇಕೆಂಬ ನಿಯಮ ಬಂದದ್ದು 2004ರಲ್ಲಿ. 2018ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ಮುಟ್ಟಿತೆಂದು ಕೇಂದ್ರ ಸರ್ಕಾರ ಘೋಷಿಸಿತು. ಇಷ್ಟು ವರ್ಷಗಳ ಈ ಪಟ್ಟಿಯಲ್ಲಿ ಕಂಬಕ್ಕೆ ಜಾಗವಿತ್ತು, ಮೀಟರಿಗೆ ಜಾಗವಿತ್ತು, ವೋಲ್ಟೇಜಿಗೆ ಇರಲಿಲ್ಲ. ಹಳ್ಳಿಯ ಕರೆಂಟಿನ ಕಷ್ಟಕ್ಕೆ ಉತ್ಪಾದನೆಯ ಕೊರತೆಯನ್ನಷ್ಟೇ ದೂರುತ್ತಾ ಬಂದೆವು. ಇಂದು ಆ ದೂರು ಅರ್ಧ ಮಾತ್ರ ನಿಜ. ಸಬ್‌ಸ್ಟೇಷನ್ ಹೊಲದಿಂದ ಎಷ್ಟು ದೂರದಲ್ಲಿದೆ ಎಂಬುದೇ ಈಗಿನ ಪ್ರಶ್ನೆ.

ಲೆಕ್ಕ ಸರಳವಾಗಿದೆ. ಅಷ್ಟೇ ವಿದ್ಯುತ್ತನ್ನು 11 ಕೆವಿ ಬದಲು 66 ಕೆವಿಯಲ್ಲಿ ಸಾಗಿಸಿದರೆ ತಂತಿಯಲ್ಲಿ ಹರಿಯುವ ಪ್ರವಾಹ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ತಂತಿಯಾದರೆ ಬಿಸಿಯಾಗಿ ಪೋಲಾಗುವುದು ಮೂವತ್ತಾರನೇ ಒಂದು ಭಾಗಕ್ಕೆ. ಆದ್ದರಿಂದ ದೊಡ್ಡ ಮಾರ್ಗ, ಅದರ ಜೊತೆ ಸಬ್‌ಸ್ಟೇಷನ್ನೂ ಹೊಲದ ಹತ್ತಿರದವರೆಗೂ ಬರಬೇಕು, ಅಲ್ಲಿಂದ ಹೊರಡುವ 11 ಕೆವಿ ತಂತಿ, ಅಂದರೆ ಫೀಡರ್, ಗಿಡ್ಡವಿರಬೇಕು. ನಮ್ಮಲ್ಲಿ ಆದದ್ದು ತಿರುಗುಮುರುಗು. ಬೋರ್‌ವೆಲ್ ಕೊರೆದಲ್ಲೆಲ್ಲ ಫೀಡರ್ ಚಾಚಿತು, ಅದರ ತುದಿಗೆ ಟಿಸಿ ಎಂಬ ಟ್ರಾನ್ಸ್‌ಫಾರ್ಮರ್, ಟಿಸಿಯಿಂದ ಇನ್ನಷ್ಟು ದೂರ ಕಡಿಮೆ ವೋಲ್ಟೇಜಿನ ಎಲ್‌ಟಿ ತಂತಿ. ಮಂಜೂರಾದ ಪಂಪ್‌ಸೆಟ್‌ಗಳ ಜೊತೆ ಅಕ್ರಮವಾಗಿ ಎಳೆದುಕೊಂಡವೂ ಸೇರಿ, ಕೊನೆಗೆ ಅಕ್ರಮ-ಸಕ್ರಮವೆಂಬ ಯೋಜನೆಯೇ ಬೇಕಾಯಿತು. ಇಂಥ ಫೀಡರಿನ ಕೊನೆಯಲ್ಲಿ ತ್ರೀ ಫೇಸ್ ಬಂದ ಕ್ಷಣ ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಇಳಿದಷ್ಟೂ ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ, ಕಾಯುತ್ತದೆ, ವೈಂಡಿಂಗ್ ಸುಡುತ್ತದೆ. ಕರೆಂಟು ಬಿಟ್ಟಿ, ರಿವೈಂಡಿಂಗ್ ಬಿಟ್ಟಿಯಲ್ಲ.

ಮನೆ ಮತ್ತು ಪಂಪ್‌ಸೆಟ್ ಫೀಡರುಗಳನ್ನು ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಈ ಇತಿಹಾಸದ ಒಳ್ಳೆಯ ತಿರುವು. ಗುಜರಾತ್ ಜ್ಯೋತಿಗ್ರಾಮದಲ್ಲಿ ಮೊದಲೇ ತೋರಿಸಿದ್ದ ದಾರಿಯದು. ಆದರೆ ಹೊಲದ ಕರೆಂಟು ಪಾಳಿಯಲ್ಲೇ ಉಳಿಯಿತು. ಒಂದು ಫೀಡರಿಗೆ ಹಗಲು, ಇನ್ನೊಂದಕ್ಕೆ ರಾತ್ರಿ. ಹಾವು, ಚಿರತೆಗಳ ಭಯದಲ್ಲಿ ರಾತ್ರಿ ನೀರು ಕಟ್ಟುವ ರೈತರು ಹಗಲು ಕರೆಂಟು ಕೇಳುವುದು ನ್ಯಾಯವೇ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಮುಂತಾದವುಗಳಿಂದ ಹಗಲಿನ ವಿದ್ಯುತ್ ಈಗ ರಾಜ್ಯದಲ್ಲಿ ಧಾರಾಳವಾಗಿದೆ. ತೊಡಕು ಇಲ್ಲೇ ಇದೆ: ಪಾಳಿ ಉತ್ಪಾದನೆಯ ಕೊರತೆಯನ್ನಷ್ಟೇ ಅಲ್ಲ, ಸಬ್‌ಸ್ಟೇಷನ್ನಿನ ಸಾಮರ್ಥ್ಯದ ಕೊರತೆಯನ್ನೂ ಮುಚ್ಚಿಕೊಂಡಿತ್ತು. ಎರಡು ಪಾಳಿಯ ಹೊರೆಯನ್ನು ಒಂದೇ ಹಗಲಿಗೆ ಹಾಕಿದರೆ ಅಲ್ಲಿನ ಹಳೆಯ ಟ್ರಾನ್ಸ್‌ಫಾರ್ಮರ್ ತಾಳದು. ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 18 ಸಾವಿರ ಮೆಗಾವಾಟ್ ದಾಟಿರುವಾಗ, ಸೂರ್ಯನಿದ್ದೂ ಹೊಲಕ್ಕೆ ಸಾಗಿಸಲಾಗದ ಸ್ಥಿತಿ ನಾಚಿಕೆಗೇಡು.

ಹಾಗಾದರೆ ಊರೂರಲ್ಲೇ ಸೌರ ಫಲಕ ಹಾಕಬಾರದೇ, ದೊಡ್ಡ ಮಾರ್ಗವೇಕೆ ಎನ್ನುವವರಿದ್ದಾರೆ. ಪಿಎಂ ಕುಸುಮ್ ಯೋಜನೆಯ ಫೀಡರ್ ಸೌರೀಕರಣ ನಿಜಕ್ಕೂ ಹೊರೆ ಇಳಿಸುತ್ತದೆ. ಆದರೆ ಆ ಘಟಕಗಳೂ ಸಬ್‌ಸ್ಟೇಷನ್ನಿನ ಪಕ್ಕದಲ್ಲೇ ನಿಂತು ಅದೇ 11 ಕೆವಿ ತಂತಿಯನ್ನು ನೆಚ್ಚಿವೆ. ಮೋಡ ಕವಿದ ದಿನ ಗ್ರಿಡ್ಡೇ ಗತಿ. ಕರೆಂಟು ಹೆಚ್ಚಾದರೆ ಅಂತರ್ಜಲ ಬರಿದಾಗುತ್ತದೆಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆದರೆ ಕೆಟ್ಟ ವೋಲ್ಟೇಜ್ ನೀರುಳಿಸುವ ಉಪಾಯವಲ್ಲ. ಕರೆಂಟು ಯಾವಾಗ ಬಂದೀತೋ ಎಂಬ ಅನುಮಾನದಲ್ಲೇ ರೈತರು ಸ್ಟಾರ್ಟರ್ ಆನ್ ಇಟ್ಟು ಮಲಗುತ್ತಾರೆ, ನೀರು ಬದು ಮೀರಿ ಹರಿಯುತ್ತದೆ. ನೀರಿಗೆ ಮಿತಿ ಬೇಕಿದ್ದರೆ ಪ್ರತಿ ಟಿಸಿಗೂ ಮೀಟರ್ ಹಾಕಿ ಸರ್ಕಾರ ನೇರವಾಗಿ ಆ ಮಾತೆತ್ತಲಿ. ಮೂರನೆಯ ಆಕ್ಷೇಪಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ: ಮಾರ್ಗ ಹಾದ ಜಮೀನಿನವರು ತೋಟ ಕಳೆದುಕೊಳ್ಳುತ್ತಾರೆ. ಉಡುಪಿ–ಕಾಸರಗೋಡು 400 ಕೆವಿ ಮಾರ್ಗಕ್ಕೆ ಅಡಿಕೆ ಬೆಳೆಗಾರರು ಅಡ್ಡ ನಿಂತದ್ದು ಹಟಕ್ಕಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ತೋರಿಸಿ ಗೋಪುರ ನೆಡುವ ಕಾಲ ಮುಗಿಯಬೇಕು. ಗೋಪುರದ ಜಾಗಕ್ಕೆ ಭೂಮಿಯ ಬೆಲೆಯ ಶೇ 200, ತಂತಿಯ ಕೆಳಗಿನ ಪಟ್ಟಿಗೆ ಶೇ 30 ಎಂದು ಕೇಂದ್ರ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹಣ ಕೆಲಸಕ್ಕೆ ಮೊದಲೇ ರೈತರ ಕೈಸೇರಿದರೆ ಅರ್ಧ ಜಗಳ ಇಳಿದೀತು.

ಸಬ್‌ಸ್ಟೇಷನ್ ಕಟ್ಟುವುದು ರಾಜ್ಯದ ಪ್ರಸರಣ ನಿಗಮ ಕೆಪಿಟಿಸಿಎಲ್, ಅಲ್ಲಿಂದ ಫೀಡರ್ ಎಳೆಯುವುದು ವಿತರಣಾ ಕಂಪನಿಯಾದ ಎಸ್ಕಾಂ. ಒಂದು ಬಂದು ಇನ್ನೊಂದು ಬಾರದಿದ್ದರೆ ಉದ್ಘಾಟನೆಯ ಫಲಕವಷ್ಟೇ ಲಾಭ. ವಿದ್ಯುತ್ ದರದ ಸಾರ್ವಜನಿಕ ವಿಚಾರಣೆಗೆ ಹೋಗುವ ರೈತ ಸಂಘಟನೆಗಳು ಎಷ್ಟು ಗಂಟೆ ಕರೆಂಟು ಎಂದು ಕೇಳುವುದರ ಜೊತೆಗೆ, ಪ್ರತಿ ಫೀಡರಿನ ಕೊನೆಯ ಟಿಸಿಯಲ್ಲಿ ಎಷ್ಟು ವೋಲ್ಟೇಜ್ ಇದೆಯೆಂದು ತಿಂಗಳಿಗೊಮ್ಮೆ ಪ್ರಕಟಿಸಿ ಎಂದೂ ಪಟ್ಟು ಹಿಡಿಯಲಿ.