ಓಡಿಸುವುದು, ನಡೆಸುವುದು

ಜೇಮ್ಸ್ ಮರ್ರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಾದದ್ದು 1879ರಲ್ಲಿ. ಹತ್ತು ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸ ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು. ಪದಬಳಕೆಯ ಉದಾಹರಣೆಗಳಿದ್ದ ರಾಶಿರಾಶಿ ಚೀಟಿಗಳನ್ನು ಅವರ ಮಕ್ಕಳೆಲ್ಲ ಕೂತು ವಿಂಗಡಿಸುತ್ತಿದ್ದರು. ಹೆಣ್ಣುಮಕ್ಕಳಾದ ಎಲ್ಸಿ, ರಾಸ್‌ಫ್ರಿತ್ ಮುಂದೆ ನಿಘಂಟಿಗಾಗಿಯೇ ದುಡಿದರು.

ಅಷ್ಟೊಂದು ಶ್ರಮವೇಕೆ ಎನ್ನುವಿರಾ? 'ರನ್' ಎಂಬ ಪುಟ್ಟ ಕ್ರಿಯಾಪದವನ್ನೇ ನೋಡಿ. ಮನುಷ್ಯ, ಹೊಳೆ, ರೈಲು, ಯಂತ್ರ, ಕಂಪ್ಯೂಟರ್ ಎಲ್ಲಕ್ಕೂ ಅದೇ. ಚುನಾವಣೆಗೆ ನಿಲ್ಲುವುದಕ್ಕೂ ಅಮೆರಿಕದಲ್ಲಿ 'ಓಡುವುದು' ಎನ್ನುತ್ತಾರೆ! ಅದೇ ನಿಘಂಟಿನ ಪೀಟರ್ ಗಿಲ್ಲಿವರ್ ಒಂಬತ್ತು ತಿಂಗಳು ಕೂತು ಇದರ 645 ಅರ್ಥಗಳನ್ನು ಬಿಡಿಸಿಟ್ಟರೆಂದು 2011ರಲ್ಲಿ ಪತ್ರಿಕೆಗಳು ಬರೆದವು.

ಇದೇ ಪದವಿರುವ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಲು ಕೊಟ್ಟರೆ ನನ್ನ ತರಗತಿಯ ಮಕ್ಕಳು 'ಅಮ್ಮ ಮನೆ ಓಡಿಸುತ್ತಾಳೆ' ಎಂದು ಬರೆಯುತ್ತಿದ್ದರು. 'ನಡೆಸುತ್ತಾಳೆ' ಎಂದು ತಿದ್ದುತ್ತಿದ್ದೆ. ಇಂಗ್ಲಿಷಿನಲ್ಲಿ ಓಟ, ನಮ್ಮಲ್ಲಿ ನಡಿಗೆ, ದುಡಿಮೆ ಒಂದೇ.

ಕಾರ್ಖಾನೆ ನಡೆಸುವವನಿಗೂ ಸಂಸಾರ ನಡೆಸುವವಳಿಗೂ ಎರಡು ಭಾಷೆಗಳೂ ಒಂದೇ ಕ್ರಿಯಾಪದ ಕೊಟ್ಟಿವೆ. ಆದರೆ 2011ರ ನಮ್ಮ ಜನಗಣತಿಯಲ್ಲಿ ಅವನು ದುಡಿಯುವವರ ಸಾಲಿನಲ್ಲಿ. ಮನೆವಾರ್ತೆಯಷ್ಟನ್ನೇ ನೋಡಿಕೊಳ್ಳುವವಳು ದುಡಿಯದವರ ಸಾಲಿನಲ್ಲಿ. ನಿಘಂಟಿಗೆ ಕಂಡ ಅರ್ಥ ಗಣತಿಯವರಿಗೆ ಕಾಣಲಿಲ್ಲವಲ್ಲ!