ತಾಳ ತಪ್ಪಿದ ನಾಡಿಯ ಚರಿತ್ರೆ

ಏಟ್ರಿಯಲ್ ಫಿಬ್ರಿಲೇಶನ್ ಆದಾಗ ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳು ಒಟ್ಟಾಗಿ ಕುಗ್ಗುವುದನ್ನು ಬಿಟ್ಟು ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸಲ ಅದುರುತ್ತವೆ. ಕೆಳಗಿನ ಕೋಣೆಗಳ ಬಡಿತವೂ ಅಡ್ಡಾದಿಡ್ಡಿಯಾಗುತ್ತದೆ. ಎರಡು ಬಡಿತಗಳ ನಡುವೆ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಹೊತ್ತು ಸಾಲದು. ಮಿದುಳಿಗೆ ರಕ್ತ ಕಡಿಮೆಯಾಗಿ ತಲೆ ಸುತ್ತುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಈ ಕಾಯಿಲೆಯ ಚರಿತ್ರೆಯಲ್ಲಿ ವೈದ್ಯರಷ್ಟೇ ದೊಡ್ಡ ಪಾಲು ರೋಗಿಗಳದ್ದು ಮತ್ತು ಹಳ್ಳಿಗರದ್ದು.

ಸಾಯುತ್ತಿರುವ ಪ್ರಾಣಿಗಳ ಹೃದಯದಲ್ಲಿ ಹೃತ್ಕರ್ಣ ಕೊನೆಯವರೆಗೂ ಅದುರುವುದನ್ನು ವಿಲಿಯಂ ಹಾರ್ವೆ 1628ರಲ್ಲೇ ಬರೆದಿದ್ದ. ಫ್ರಾನ್ಸಿನ ವೈದ್ಯ ಸೆನಾಕ್ 1749ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಮಣಿಯದ ಎದೆಬಡಿತಕ್ಕೆ ಸಿಂಕೋನಾ ತೊಗಟೆ ಉಪಯೋಗಕ್ಕೆ ಬರುತ್ತದೆ ಎಂದ. ಆ ಮಾತು ಹೆಚ್ಚು ಮುಂದುವರಿಯಲಿಲ್ಲ.

ನಿಜವಾದ ಚಿಕಿತ್ಸೆ ಶುರುವಾದದ್ದು ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಒಬ್ಬ ಮುದುಕಿಯಿಂದ. ಮೈಯೆಲ್ಲ ನೀರು ತುಂಬಿ ಊದಿಕೊಂಡವರಿಗೆ ಆಕೆ ಗುಟ್ಟಾಗಿ ಕಾಯ್ದುಕೊಂಡ ಒಂದು ಮದ್ದು ಕೊಡುತ್ತಿದ್ದಳು. ವೈದ್ಯರು ಕೈಚೆಲ್ಲಿದ ಕೆಲವರೂ ಅದರಿಂದ ಗುಣವಾಗುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದ ಆ ಮದ್ದಿನ ವಿಷಯ 1775ರಲ್ಲಿ ಬರ್ಮಿಂಗ್‌ಹ್ಯಾಮಿನ ವೈದ್ಯ ವಿಲಿಯಂ ವಿದರಿಂಗ್‌ನ ಬಳಿ ಬಂತು. ಸಸ್ಯಶಾಸ್ತ್ರವನ್ನೂ ಚೆನ್ನಾಗಿ ಬಲ್ಲ ಆತ, ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲವ್ ಎಂಬ ಡಿಜಿಟಾಲಿಸ್ ಗಿಡ ಒಂದೇ ಎಂದು ಗುರುತಿಸಿದ. ಹತ್ತು ವರ್ಷ ರೋಗಿಗಳಿಗೆ ಕೊಟ್ಟು ನೋಡಿ, 1785ರಲ್ಲಿ ಪುಸ್ತಕ ಬರೆದ. ಗುಣವಾದವರ ಜೊತೆಗೆ ಗುಣವಾಗದವರ ಕತೆಯನ್ನೂ ಅದರಲ್ಲಿ ಮರೆಮಾಚದೆ ಬರೆದದ್ದು ಆತನ ದೊಡ್ಡತನ. ಮದ್ದು ಮಿತಿಮೀರಿದರೆ ವಾಂತಿಯಾಗುತ್ತದೆ, ತಲೆ ಸುತ್ತುತ್ತದೆ, ಕಣ್ಣಿಗೆ ವಸ್ತುಗಳು ಹಸಿರಾಗಿಯೋ ಹಳದಿಯಾಗಿಯೋ ಕಾಣುತ್ತವೆ, ನಾಡಿ ನಿಮಿಷಕ್ಕೆ 35ಕ್ಕೂ ಇಳಿಯಬಹುದು ಎಂದು ಎಚ್ಚರಿಸಿದ. ರೋಗಿಯ ತಲೆಸುತ್ತು ಕಾಯಿಲೆಯದೋ ಮದ್ದಿನದೋ ಎಂದು ಕೇಳಿಕೊಳ್ಳುವ ಅಗತ್ಯ ಇಂದಿಗೂ ಇದೆ. ವಿದರಿಂಗ್‌ಗೆ ಏಟ್ರಿಯಲ್ ಫಿಬ್ರಿಲೇಶನ್ ಗೊತ್ತಿರಲಿಲ್ಲ. ಆದರೆ ಆತನ ರೋಗಿಗಳಲ್ಲಿ ಹಲವರಿಗೆ ಅದೇ ಇದ್ದಿರಬೇಕೆಂದು ಆ ವಿವರಗಳನ್ನು ಓದಿದರೆ ಅನಿಸುತ್ತದೆ.

ಕಾಯಿಲೆಯ ಮೂಲ ಹೃತ್ಕರ್ಣದಲ್ಲಿದೆ ಎಂಬುದಕ್ಕೆ ರೋಗಿಯ ಹಾಸಿಗೆಯ ಬಳಿ ಸುಳಿವು ಹುಡುಕಿದವನು ಜೇಮ್ಸ್ ಮೆಕೆಂಝಿ. ಹತ್ತಿಗಿರಣಿಗಳ ಊರು ಬರ್ನ್ಲಿಯಲ್ಲಿ 1879ರಿಂದ ಸಾಮಾನ್ಯ ವೈದ್ಯನಾಗಿದ್ದ ಆತ, ಹತ್ತಿರದ ಊರಿನ ಗಡಿಯಾರ ಮಾಡುವವನ ನೆರವಿನಿಂದ ಪಾಲಿಗ್ರಾಫ್ ಎಂಬ ಯಂತ್ರ ಮಾಡಿಸಿದ. ಮಣಿಕಟ್ಟಿನ ನಾಡಿಯನ್ನೂ ಕೊರಳ ರಕ್ತನಾಳದ ಮಿಡಿತವನ್ನೂ ಅದು ಒಟ್ಟಿಗೇ ಕಾಗದದ ಮೇಲೆ ಬರೆಯುತ್ತಿತ್ತು. ಒಬ್ಬಳೇ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಂಡದ್ದರ ಫಲವಾಗಿ, ಆಕೆಯ ನಾಡಿ ಕ್ರಮ ತಪ್ಪಿದ ಮೇಲೆ ಹೃತ್ಕರ್ಣ ಕುಗ್ಗುವುದನ್ನು ತೋರಿಸುವ ಅಲೆಯೇ ಕೊರಳ ಗೆರೆಯಲ್ಲಿ ಮಾಯವಾಗಿರುವುದು ಅವನಿಗೆ ಕಂಡಿತು. ಹೃತ್ಕರ್ಣ ಪಾರ್ಶ್ವವಾಯು ಹೊಡೆದಂತೆ ನಿಂತಿದೆ ಎಂದು ಮೊದಲು ಮಾಡಿದ ಊಹೆ ಸರಿಯಿರಲಿಲ್ಲ; ಗಮನಿಸಿದ ಸಂಗತಿ ಮಾತ್ರ ಸರಿಯಾಗಿತ್ತು. ದೊಡ್ಡ ಆಸ್ಪತ್ರೆಗಳಲ್ಲಿ ಬಂದು ಹೋಗುವ ರೋಗಿಗಳಿಂದ ಇಂಥ ಅರಿವು ಸಿಗುವುದು ಕಷ್ಟವಿತ್ತು.

ನೆದರ್‌ಲ್ಯಾಂಡ್ಸಿನ ಲೈಡನ್ನಿನಲ್ಲಿ ಐಂಥೋವನ್ ರೂಪಿಸಿದ ಗ್ಯಾಲ್ವನೋಮೀಟರು, ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಇಸಿಜಿಗೆ ದಾರಿ ಮಾಡಿತು. ಅದರ ನೆರವಿನಿಂದ 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್, ಅದೇ ವರ್ಷ ವಿಯೆನ್ನಾದ ರಾಥ್‌ಬರ್ಗರ್ ಮತ್ತು ವಿಂಟರ್‌ಬರ್ಗ್, ಈ ಕ್ರಮ ತಪ್ಪಿದ ನಾಡಿಯ ಕಾರಣ ಹೃತ್ಕರ್ಣದ ಅದುರುವಿಕೆಯೇ ಎಂದು ತೋರಿಸಿಕೊಟ್ಟರು.

ಮತ್ತೆ ಒಬ್ಬ ರೋಗಿ ವೈದ್ಯನಿಗೆ ಪಾಠ ಹೇಳಿದ್ದು 1912ರಲ್ಲಿ. ಪೂರ್ವದೇಶಗಳಲ್ಲಿ ಇದ್ದು ಬಂದ ಡಚ್ ವರ್ತಕನೊಬ್ಬ ಇದೇ ತಾಳ ತಪ್ಪಿದ ಬಡಿತದೊಂದಿಗೆ ವೆಂಕೆಬಾಖ್ ಎಂಬ ಹೃದ್ರೋಗತಜ್ಞನ ಬಳಿಗೆ ಬಂದ. ಈ ಬಡಿತವನ್ನು ನಿಲ್ಲಿಸುವ ಮದ್ದು ತನ್ನಲ್ಲಿಲ್ಲ ಎಂದು ವೈದ್ಯ ಒಪ್ಪಿಕೊಂಡಾಗ, ತಾನೇ ನಿಲ್ಲಿಸಿಕೊಳ್ಳಬಲ್ಲೆ ಎಂದ ವರ್ತಕ, ಮರುದಿನ ಸರಿಯಾದ ನಾಡಿಯೊಂದಿಗೆ ಹಾಜರಾದ. ಅವನು ನುಂಗಿದ್ದು ಮಲೇರಿಯಾಕ್ಕೆ ಕೊಡುವ ಕ್ವಿನೈನ್, ಒಂದು ಗ್ರಾಂ. ವೆಂಕೆಬಾಖ್ ಇದನ್ನು 1914ರಲ್ಲಿ ಪ್ರಕಟಿಸಿದ. ಅದನ್ನು ಹಿಡಿದು ಹೊರಟ ವಾಲ್ಟರ್ ಫ್ರೈ, 1918ರಲ್ಲಿ ಕ್ವಿನೈನಿನ ಸೋದರ ರಾಸಾಯನಿಕ ಕ್ವಿನಿಡಿನ್ ಇನ್ನೂ ಹೆಚ್ಚು ಪರಿಣಾಮಕಾರಿ ಎಂದು ತೋರಿಸಿದ.

ಉಳಿದ ಅಪಾಯ ರಕ್ತ ಹೆಪ್ಪುಗಟ್ಟುವುದು. ಅದುರುವ ಕೋಣೆಯಲ್ಲಿ ರಕ್ತ ನಿಂತು ಗರಣೆಯಾಗಿ ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ರೈತನೊಬ್ಬ 1933ರಲ್ಲಿ, ಕೊಳೆತ ಹುಲ್ಲು ತಿಂದು ಸತ್ತ ದನದ ಹೆಪ್ಪುಗಟ್ಟದ ರಕ್ತವನ್ನು ಕಾರ್ಲ್ ಪಾಲ್ ಲಿಂಕ್‌ನ ಪ್ರಯೋಗಾಲಯಕ್ಕೆ ತಂದ. ಅಲ್ಲಿಂದ ಮುಂದೆ ಹುಟ್ಟಿದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿ ಮಾರಾಟವಾಗಿ, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಲಯವನ್ನು ಸರಿಪಡಿಸುವ ನೇರ ವಿದ್ಯುತ್ ಆಘಾತವನ್ನು ಬರ್ನಾರ್ಡ್ ಲೌನ್ 1962ರಲ್ಲಿ ಬಳಕೆಗೆ ತಂದ. ಅನೇಕರಲ್ಲಿ ಈ ಅದುರುವಿಕೆ ಪುಪ್ಪುಸದ ರಕ್ತನಾಳಗಳ ಬಾಯಿಯಿಂದ ಏಳುತ್ತದೆ ಎಂದು ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು 1998ರಲ್ಲಿ ತೋರಿಸಿದ ಮೇಲೆ, ಆ ಜಾಗವನ್ನೇ ಸುಡುವ ಚಿಕಿತ್ಸೆ ಬೆಳೆಯಿತು.

ತಲೆಸುತ್ತಿನ ಜೊತೆ ನಾಡಿ ಏರುಪೇರಾಗಿದೆ ಎನಿಸಿದವರು ತಡಮಾಡದೆ ಇಸಿಜಿ ಮಾಡಿಸಿಕೊಳ್ಳಬೇಕು. ಅದು ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ತೆಗೆದುಕೊಂಡಿದ್ದರು ಎಂಬುದನ್ನು ವೈದ್ಯರಿಗೆ ಬಿಡದೆ ಹೇಳಬೇಕು.